ಉಸ್ಸಪ್ಪಾ ಎನ್ನದ ಸಂಕಮ್ಮ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಆಗಾಗ ಜಾಗ ಬದಲಿಸುತ್ತಿದ್ದ ಕಾಲದಲ್ಲಿ, ಬವಣಾವತಿ ಎಂಬ ರಾಜ್ಯವಿತ್ತು. ಸುಲಭವಾಗಿ ಮುಗಿದ ಕೆಲಸವನ್ನು ಅಲ್ಲಿ ಯಾರೂ ಕೆಲಸವೆಂದು ಒಪ್ಪುತ್ತಿರಲಿಲ್ಲ. ಪಕ್ಕದ ಮನೆಗೂ ಊರು ಸುತ್ತಿಯೇ ಹೋಗಬೇಕು, ಅದು ಮರ್ಯಾದೆ. ಹುಣಸೆಹಣ್ಣನ್ನು ನೆನೆಹಾಕದೆ ಒಣಗಿದ್ದನ್ನೇ ಹಿಂಡಬೇಕು. ಅದು ಗೃಹಿಣಿಯ ಲಕ್ಷಣ. ಸಂಜೆಯಾದರೆ ಎಲ್ಲರೂ ಜಗಲಿಯ ಮೇಲೆ ಕುಸಿದು "ಉಸ್ಸಪ್ಪಾ" ಎನ್ನುತ್ತಿದ್ದರು. ಆ ಉಸಿರೆಲ್ಲ ಹಾರಿಹೋಗಿ ಕರಿಬೆಟ್ಟದ ಮಾಂತ್ರಿಕ ಧೂಮಕೇಶನ ಬಾಯಿ ಸೇರುತ್ತಿತ್ತು. ಅದೇ ಅವನ ಊಟ. ಮೈಕೈ ತುಂಬಿಕೊಂಡು ಚೆನ್ನಾಗಿದ್ದ.

ಆ ಊರಿಗೆ ಸೊಸೆಯಾಗಿ ಬಂದವಳು ಸಂಕಮ್ಮ. ಅವಳು ನೀರಿಗೆ ಹೋಗುವ ಮುಂಚೆ ಹುಣಸೆಹಣ್ಣು ನೆನೆಹಾಕುತ್ತಿದ್ದಳು. ವಾಪಸು ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತಿತ್ತು. "ಇಷ್ಟು ಬೇಗ ಸಾರಾಯ್ತಾ? ನಾಲ್ಕು ಜನ ಏನಂದಾರು!" ಎಂದು ಅತ್ತೆ ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗಂಡ ದೇವೀರನಿಗಂತೂ ಖುಷಿ.

ಒಂದು ಮನೆಯಿಂದ ಊಟ ಬರುತ್ತಿಲ್ಲವೆಂದು ಧೂಮಕೇಶನಿಗೆ ಗೊತ್ತಾಯಿತು. ಅವನು ಬಂದವನೇ ದೇವೀರನನ್ನು ಒರಳುಕಲ್ಲು ಮಾಡಿ ಹೊತ್ತುಕೊಂಡು ಹೋದ.

ಸಂಕಮ್ಮ ಬೆಟ್ಟ ಹತ್ತಿದಳು. ಧೂಮಕೇಶನ ಅಂಗಳದ ತುಂಬ ಅವನು ಕಲ್ಲು ಮಾಡಿದವರೇ ಬಿದ್ದಿದ್ದರು. "ಯಜಮಾನ್ರೇ, ನನ್ನ ಗಂಡನ್ನ ಕೊಡಿ."

"ಮೂರು ಕೆಲಸ ಮಾಡು, ಕೊಡ್ತೀನಿ. ನಡುವೆ ಒಂದೇ ಒಂದು ಸಲ ಉಸ್ಸಪ್ಪಾ ಅಂದ್ರೂ ನೀನೂ ಕಲ್ಲು" ಎಂದ ಧೂಮಕೇಶ.

ಮೊದಲನೆಯದು ಆನೆ ಗಾತ್ರದ ಹಲಸಿನ ಹಣ್ಣು. ಅದನ್ನು ಬಿಡಿಸಬೇಕು. ಅದರ ಅಂಟಿಗೆ ಸಿಕ್ಕಿದವರು ಬಿಡಿಸಿಕೊಂಡದ್ದಿಲ್ಲ. ಕತ್ತಿ ಸಮೇತ ಅಂಟಿಕೊಂಡಿದ್ದ ಒಬ್ಬ ರಾಜಕುಮಾರ ಹಣ್ಣಿನ ಮೇಲಿನಿಂದಲೇ "ಬೇಡಮ್ಮಾ, ವಾಪಸು ಹೋಗು" ಎಂದ. ಸಂಕಮ್ಮ ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಸವರಿಕೊಂಡು ತೊಳೆಗಳನ್ನೆಲ್ಲ ಬಿಡಿಸಿದಳು. ಹಾಗೇ ರಾಜಕುಮಾರನಿಗೂ ಎಣ್ಣೆ ಹಚ್ಚಿ ಬಿಡಿಸಿದಳು.

"ಸುಸ್ತಾಯ್ತಾ? ಉಸ್ಸಪ್ಪಾ ಅನ್ನು" ಎಂದ ಧೂಮಕೇಶ.

"ಯಾಕೆ?" ಎಂದಳು ಸಂಕಮ್ಮ.

ಎರಡನೆಯದು ಉಕ್ಕಿ ಊರು ಮುಳುಗಿಸುವ ಹಾಲಿನ ಹಂಡೆ. ಅದರ ಮುಂದೆ ಊದಿ ಊದಿ ಕೆನ್ನೆ ಸೋತ ಸೈನಿಕರ ಸಾಲೇ ನಿಂತಿತ್ತು. ಸಂಕಮ್ಮ ಉರಿ ತಗ್ಗಿಸಿ, ಹಂಡೆಯ ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟಳು. ಮೇಲೆದ್ದ ನೊರೆ ಸೌಟಿಗೆ ತಗುಲಿ, ಸ್ವಲ್ಪ ಯೋಚಿಸಿ, ಕೆಳಗಿಳಿಯಿತು.

"ಈಗಲಾದರೂ ಅನ್ನು."

"ಯಾಕೆ?"

"ಇದು ಮೋಸ! ಬೆವರೇ ಬಂದಿಲ್ಲ!"

"ಹಾಲು ಕಾಯಿಸು ಅಂದ್ರಿ, ಕಾಯಿಸಿದೆ. ಬೆವರು ಕೇಳಲೇ ಇಲ್ವಲ್ಲ."

ಬೆಳಗಿನಿಂದ ಅವಳನ್ನೇ ಕಾಯುತ್ತಾ ಕುಳಿತ ಧೂಮಕೇಶ ಸಂಜೆಯಾದರೂ ಊರಿನ ಕಡೆ ಬಾಯಿ ತೆರೆದೇ ಇರಲಿಲ್ಲ. ಹಸಿವಿಗೆ ಅವನ ಕೈಬಳೆಗಳು ಸಡಿಲವಾಗತೊಡಗಿದ್ದವು.

ಮೂರನೆಯದು ಗುಹೆಯ ಮೃಗ. ಹುಲಿಯ ಮೈ, ಮೂರು ತಲೆ. ಅದಕ್ಕೆ ಕುದಿಯುವ ಗಂಜಿ ಬಡಿಸಬೇಕು. ಬಾಯಿ ಸುಟ್ಟ ಸಿಟ್ಟಿಗೆ ಅದು ಬಡಿಸಿದವರನ್ನೇ ತಿನ್ನುತ್ತಿತ್ತು. ಸಂಕಮ್ಮ ಗಂಜಿ ಹಿಡಿದು ಗುಹೆಯೊಳಗೆ ಹೋದಳು. ಆಗ ಮೃಗದ ನಾಲಗೆ ಕಣ್ಣಿಗೆ ಬಿತ್ತು. ಮೂರರಲ್ಲೂ ಸುಟ್ಟ ಬೊಬ್ಬೆ.

"ಅಯ್ಯೋ ಮಗನೇ, ಯಾರೂ ಹೇಳಿಕೊಡಲಿಲ್ವಾ?" ಎಂದಳು.

ಗಂಜಿಯನ್ನು ಅಗಲವಾದ ತಟ್ಟೆಗೆ ಸುರಿದು ತೆಳ್ಳಗೆ ಹರಡಿದಳು. "ನಡುವೆ ಬಾಯಿ ಹಾಕಬೇಡ. ಅಂಚಿನಿಂದ ನೆಕ್ಕು."

ಮೃಗ ಅಂಚಿನಿಂದ ನೆಕ್ಕಿತು. ಸುಡಲಿಲ್ಲ. ಇನ್ನಷ್ಟು ನೆಕ್ಕಿತು. ತಟ್ಟೆ ಖಾಲಿಯಾದ ಮೇಲೆ ಮೂರೂ ಬಾಯಿಂದ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ನೆಮ್ಮದಿಯ ಉಸಿರು ಬಿಟ್ಟಿತು.

ಹಸಿದಿದ್ದ ಧೂಮಕೇಶ ಹಿಂದುಮುಂದು ನೋಡದೆ ಆ ಉಸಿರನ್ನು ಗಬಕ್ಕನೆ ನುಂಗಿದ. ದಣಿದವರ ಉಸಿರು ಉಂಡು ಬೆಳೆದ ಹೊಟ್ಟೆಗೆ ನೆಮ್ಮದಿಯ ಉಸಿರು ಹಿಡಿಸಲಿಲ್ಲ. "ಇದೇನು ರುಚಿ..." ಎನ್ನುತ್ತಲೇ ಹೊಗೆಯಾಗಿ ಚದುರಿಹೋದ.

ಅಂಗಳದ ಕಲ್ಲುಗಳೆಲ್ಲ ಮನುಷ್ಯರಾಗಿ ಎದ್ದು ಮೈಮುರಿದವು. ದೇವೀರ ಬೆನ್ನು ಉಜ್ಜಿಕೊಳ್ಳುತ್ತಾ ಬಂದ. ಸಂಕಮ್ಮ ಅವನ ಕೈಯನ್ನು ಬೆಟ್ಟ ಇಳಿಯುವವರೆಗೂ ಬಿಡಲಿಲ್ಲ. ನೇರ ದಾರಿಯಲ್ಲೇ ಇಳಿದರು.

ಬಿಡುಗಡೆಯಾದವರೆಲ್ಲ ನೋಡಿದ್ದನ್ನು ತಮ್ಮ ತಮ್ಮ ಮನೆಗಳಲ್ಲಿ ಹೇಳಿದರು. ಬವಣಾವತಿಯ ಕೆಲಸಗಳು ಮಧ್ಯಾಹ್ನಕ್ಕೇ ಮುಗಿಯತೊಡಗಿದವು. ಉಳಿದ ಹೊತ್ತನ್ನು ಏನು ಮಾಡುವುದೆಂದು ಜನ ಕೆಲವು ಕಾಲ ಮುಜುಗರಪಟ್ಟರು, ಆಮೇಲೆ ಸುಖವಾಗಿದ್ದರು.

ಒಂದು ಸಂಜೆ ಸಂಕಮ್ಮ, ದೇವೀರ, ಅತ್ತೆ ಮೂವರೂ ಜಗಲಿಯಲ್ಲಿ ಕೂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಊರಿನ ಹೆಂಗಸೊಬ್ಬಳು, "ಏನ್ ಪುಟ್ಟಮ್ಮಾ, ಏನ್ ಮಾಡ್ತಿದೀರಿ?" ಎಂದು ಅತ್ತೆಯನ್ನು ಕೇಳಿದಳು.

ಅತ್ತೆ ಸೊಸೆಯ ಕಡೆ ನೋಡಿದಳು, ಮಗನ ಕಡೆ ನೋಡಿದಳು, ಕಾಲು ಚಾಚಿಕೊಂಡಳು.

"ಏನೂ ಇಲ್ಲ ಕಣೇ. ಬಾ, ಕೂತ್ಕೋ."