ಹೂವಿನ ಹೊತ್ತಿನ ಹಾಜರಿ

2024ರ ಸೆಪ್ಟೆಂಬರ್ 21, ಬೆಳಿಗ್ಗೆ 10.20. ಗಟ್ಟು ಠಾಣೆಗೆ ಎಲ್ಲಪ್ಪ ಎಂಬ ಕೂಲಿಯವ ದೂರು ತಂದ. ಅವನ ಹೆಂಡತಿ ತಿರುಪತಮ್ಮ ಹತ್ತಿಬೀಜದ ಹೊಲದಲ್ಲಿ ಕುಸಿದು ಬಿದ್ದು, ಎರಡು ದಿನದಿಂದ ಗದ್ವಾಲದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಔಷಧಿ ಹೊಡೆದ ಹೊಲಕ್ಕೆ ಅಂದೇ ಇಳಿದದ್ದು ಕಾರಣ ಎಂದು ವೈದ್ಯರು ಬರೆದಿದ್ದರು. ಬೀಜದ ಕಂಪನಿಯವರು ಆಸ್ಪತ್ರೆಗೇ ಬಂದು ಹಾಜರಿ ಹಾಳೆ ತೋರಿಸಿದ್ದರು. ಕೆಲಸದ ನಿಯಮಗಳ ತರಬೇತಿಗೆ ಅವಳು ಬಂದಿದ್ದಳು, ಹೊಡೆದ ಹೊಲಕ್ಕೆ ಒಂದು ದಿನ ಇಳಿಯಬಾರದೆಂದು ಕೇಳಿಕೊಂಡು ಹೆಬ್ಬೆಟ್ಟು ಒತ್ತಿದ್ದಳು, ಹಾಗಾಗಿ ತಪ್ಪು ಅವಳದೇ ಎಂಬುದು ಅವರ ಮಾತು.

"ಆಕಿ ಯಾ ತರಬೇತಿಗೂ ಹೋಗಿಲ್ರಿ ಸಾಹೇಬ್ರ. ಉಳಿಲಿ ಬಿಡಲಿ, ತಪ್ಪು ಆಕೀದಲ್ಲ ಅಂತ ಬರದುಕೊಡ್ರಿ," ಎಂದ ಎಲ್ಲಪ್ಪ.

ಸಬ್ ಇನ್‌ಸ್ಪೆಕ್ಟರ್ ಶಿವಕಾಂತ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ದೇವಿಕಾಳೊಂದಿಗೆ ಹೊಲಕ್ಕೆ ಹೋದರು. 12.45ಕ್ಕೆ ಪಂಚನಾಮೆ ಮುಗಿಯಿತು. ಹೊಲದ ಮಾಲೀಕ ಉರುಕುಂದಪ್ಪ ಕೇಳುವ ಮೊದಲೇ ಬೆವರುತ್ತಿದ್ದ.

"ಔಷಧಿ ಯಾವಾಗ ಹೊಡದ್ರಿ?"

"ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಆರಕ್ಕ."

"ಹೆಣ್ಮಕ್ಕಳು ಇಳದದ್ದು?"

"ಒಂಬತ್ತಕ್ಕ. ಆಕೀಗೆ ಗೊತ್ತಿತ್ತಲ್ರಿ, ತರಬೇತಿ ಆಗೇತಿ."

ಕಂಪನಿಯಿಂದ ತರಿಸಿಕೊಂಡಿದ್ದ ಹಾಜರಿ ಹಾಳೆಯಲ್ಲಿ ಸಾಕ್ಷಿಯ ಸಹಿಯೂ ಅವನದೇ. ಶಿವಕಾಂತರಿಗೆ ಅವನ ಮೇಲೆಯೇ ಅನುಮಾನ ಗಟ್ಟಿಯಾಯಿತು.

ಠಾಣೆಗೆ ಮರಳಿ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಸೆಪ್ಟೆಂಬರ್ 12, ಹತ್ತರಿಂದ ಹನ್ನೆರಡು ಗಂಟೆ. ನಲವತ್ತು ಹೆಸರು, ನಲವತ್ತು ಹೆಬ್ಬೆಟ್ಟು. ತರಬೇತಿ ಕೊಟ್ಟವನೆಂದು ಸಹಿ ಹಾಕಿದವನು ಕಂಪನಿಯ ನೌಕರ, ಮಕ್ತಲದ ಅಂಜನಕುಮಾರ್.

ದೇವಿಕಾ ಬಗ್ಗಿ ಓದಿ ತಲೆಯಾಡಿಸಿದಳು. ಅವಳ ತಾಯಿಯೂ ಅದೇ ಕೆಲಸ ಮಾಡಿದವಳು. "ಇದು ಆಗೋ ಮಾತಲ್ರಿ ಸರ್. ಹತ್ತರಿಂದ ಹನ್ನೆರಡು ಹೂವಿಗೆ ಗಂಡುಹೂವಿನ ಪುಡಿ ಮುಟ್ಟಿಸೋ ಹೊತ್ತು. ಆಮ್ಯಾಲ ಮುಟ್ಟಿಸಿದ್ರ ಕಾಯಿ ಕಟ್ಟಂಗಿಲ್ಲ. ನಮ್ಮವ್ವ ನೀರು ಕುಡಿಯಾಕ ಸೈತ ಸಾಲು ಬಿಡ್ತಿದ್ದಿಲ್ಲ."

"ಇದನ್ನ ಉರುಕುಂದಪ್ಪನೇ ಬರ್ದಿದ್ರ?"

"ಆತ ರೈತ. ಹೂವಿನ ಹೊತ್ತು ಬಲ್ಲವ, ಸಂಜಿ ಅಂತ ಬರೀತಿದ್ದ."

ಹಾಗಾದರೆ ಬರೆದವನು ಹೊಲಕ್ಕಲ್ಲ, ಕಚೇರಿಗೆ ಉತ್ತರ ಹೇಳುವವನು. ಶಿವಕಾಂತ ಭೂತಗನ್ನಡಿ ತರಿಸಿದರು. ಹತ್ತು ಗುರುತಿಗೊಮ್ಮೆ ಅದೇ ಓರೆ ಗೆರೆ, ಹಳೆಯ ಗಾಯದ್ದು.

ಮರುದಿನ ವಿಚಾರಿಸಿದಾಗ ಹಾಳೆಯ ನಲವತ್ತು ಹೆಸರುಗಳಲ್ಲಿ ಊರಲ್ಲಿ ಸಿಕ್ಕ ಹದಿನೆಂಟು ಹೆಂಗಸರೂ ಆ ದಿನ ಹೊಲದಲ್ಲೇ ಇದ್ದೆವೆಂದರು. ಖಾಲಿ ಹಾಳೆಗೆ ಸಹಿ ಹಾಕಿಕೊಟ್ಟೆನೆಂದು ಉರುಕುಂದಪ್ಪನೂ ಒಪ್ಪಿದ.

ಸೆಪ್ಟೆಂಬರ್ 23, ಬೆಳಿಗ್ಗೆ 8.10, ಮಕ್ತಲ. ಬಾಡಿಗೆ ಕೋಣೆಯ ಬಾಗಿಲು ತೆಗೆದ ಅಂಜನಕುಮಾರನಿಗೆ ಶಿವಕಾಂತ ಕೈ ತೋರಿಸಲು ಹೇಳಿದರು. ಎಡಗೈಯ ನಡುಬೆರಳಿನ ತುದಿಗೆ ಓರೆ ಗೆರೆ ಇತ್ತು.

"ಹತ್ತೂ ಬೆರಳು ನಾಲ್ಕು ಸರ್ತಿ ಒತ್ತೀರಿ."

ಅವನು ಕೈ ಹಿಂದೆಗೆದುಕೊಂಡ. "ಆಕಿ ಹೆಂಗದಾಳ್ರಿ?" ಎಂದು ಕೇಳಿದ.

8.50ಕ್ಕೆ ಬಂಧನ. ಹೊಡೆದ ಹೊಲಕ್ಕೆ ಹೆಂಗಸರನ್ನು ಇಳಿಸಿದ್ದಕ್ಕೆ ಉರುಕುಂದಪ್ಪ ಎರಡನೆಯ ಆರೋಪಿ. ಕೋಣೆಯ ಪಂಚನಾಮೆಯಲ್ಲಿ ಇನ್ನೊಂದು ಹಾಳೆ ಸಿಕ್ಕಿತು. ಕಳೆದ ವರ್ಷದ್ದು, ಬೇರೊಂದು ಊರಿನದು. ಸಂಜೆ ಏಳಕ್ಕೆ ಕಟ್ಟೆಯ ಮೇಲೆ ಅಂಜನಕುಮಾರನೇ ಕೊಟ್ಟ ತರಬೇತಿ. ಮೂವತ್ತೊಂದು ಹೆಬ್ಬೆಟ್ಟುಗಳು, ಒಂದರಂತೆ ಒಂದಿಲ್ಲ. ಮೇಲೆ ಕಂಪನಿಯ ಕೆಂಪು ಶಾಯಿ: ಕಚೇರಿ ವೇಳೆಯಲ್ಲಿ ನಡೆದಿಲ್ಲ, ಮಾನ್ಯವಿಲ್ಲ; ಇನ್ನೊಮ್ಮೆ ಹೀಗಾದರೆ ಕೆಲಸ ಉಳಿಯದು. ಹಾಗೆ ಬರೆದವರು ಯಾರೆಂದು ತಿಳಿಸಲು ಶಿವಕಾಂತ ಕಂಪನಿಗೆ ನೋಟಿಸು ಕಳಿಸಿದರು.

26ರಂದು ತಿರುಪತಮ್ಮ ಕಣ್ಣು ಬಿಟ್ಟಳು. ದೇವಿಕಾ ಹೇಳಿಕೆ ಪಡೆದಳು. ಹೊಲಕ್ಕೆ ಇಳಿಯಬಾರದೆಂದು ತನಗೆ ಯಾರೂ ಹೇಳಿರಲಿಲ್ಲ ಎಂದಳು ಆಕೆ. ತಪ್ಪು ತನ್ನದಾ ಎಂದು ಕೇಳಿದಳು. ಅಲ್ಲ ಎಂದಳು ದೇವಿಕಾ.

ಅಂಜನಕುಮಾರನ ಹೇಳಿಕೆಯ ಕೊನೆಯ ಸಾಲು ಪ್ರಕರಣಕ್ಕೆ ಬೇಕಿರಲಿಲ್ಲ. ಆದರೂ ಶಿವಕಾಂತ ಅದನ್ನು ಬರೆಸಿಕೊಂಡರು.

"ಸಂಜೀಕ ಹೋಗಿದ್ರ ಆಕೀನೂ ಬಂದು ಕೇಳ್ತಿದ್ಲು."