ಎರಡು ಸುತ್ತು ತಗ್ಗಿದ ಸ್ಟೂಲು

ನಮ್ಮ ಅಂಗಿ ಕಾರ್ಖಾನೆಯಲ್ಲಿ ಗಂಟೆಗೆ ಯಾರು ಎಷ್ಟು ಕಾಲರ್ ಹೊಲಿದರೆಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಯಾವಾಗಲೂ ನನ್ನ ಷಡ್ಡಕನೇ ಮುಂದು. ಮನೆಯಲ್ಲಿ ಹೆಂಡತಿಯದೂ ಅದೇ ರಾಗ: "ಭಾವನ್ನ ನೋಡಿಯಾದ್ರೂ ಕಲೀರಿ."

ಹೊಟ್ಟೆಯುರಿ ತಾಳದೆ ದಿನಾ ಬೆಳಿಗ್ಗೆ ಅವನು ಬರುವ ಮೊದಲೇ ಅವನ ಸ್ಟೂಲನ್ನು ಎರಡು ಸುತ್ತು ತಿರುಗಿಸಿ ತಗ್ಗಿಸಿಡುತ್ತಿದ್ದೆ. ಬೆನ್ನು ನೋವೆನ್ನುತ್ತಲೇ ಅವನು ನನಗಿಂತ ಹೆಚ್ಚು ಹೊಲಿಯುತ್ತಿದ್ದ.

ಹೋದ ತಿಂಗಳು ಜ್ವರ ಬಂದು ತೀರಿಕೊಂಡ. ಅವನ ಮೆಷಿನ್ನಿಗೆ ಬಟ್ಟೆ ಹೊದಿಸಿದರು. ಮಾರನೇ ದಿನದಿಂದ ನನ್ನ ಸ್ಟೂಲು ಎರಡು ಸುತ್ತು ತಗ್ಗಿರುತ್ತದೆ. ಕೂತರೆ ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿರುತ್ತದೆ.

ನಿನ್ನೆ ಸೂಪರ್‌ವೈಸರ್ ನನ್ನ ಹೆಸರಿನ ಮುಂದೆ ಎಂಬತ್ತೆರಡು ಬರೆದು, ಷಡ್ಡಕನ ಹೆಸರಿನ ಮುಂದೆ ಎಂಬತ್ತಮೂರು ಬರೆದರು.

"ಇದೇನ್ ಸಾರ್?"

"ನನ್ನನ್ನ ಕೇಳ್ಬೇಡ. ಅವನ ಬುಟ್ಟೀಲಿ ಇದ್ವು, ಎಣಿಸ್ದೆ."

ನಾನೂ ಹೋಗಿ ಎರಡು ಸಲ ಎಣಿಸಿದೆ. ನನಗಿಂತ ಒಂದು ಹೆಚ್ಚೇ ಇತ್ತು.