ಕೂಗಿದ ಮರಗಪ್ಪೆ

ಟಕ್... ಟಕ್...

ನಡುರಾತ್ರಿ. ಬಣ್ಣದ ಮೀನು ಮಾರುವ ಅಂಗಡಿಯ ಗೋದಾಮು. ಗಾಜಿನ ತೊಟ್ಟಿಗಳ ಹಿಂದಿದ್ದ ಥರ್ಮಾಕೋಲ್ ಡಬ್ಬದೊಳಗಿಂದ ಸದ್ದು.

ನನ್ನ ಕುತ್ತಿಗೆಗೆ ಚಾಕು ಒತ್ತಿ ನಿಂತಿದ್ದ ಅಂಗಡಿಯವನಿಗೂ ಕೇಳಿಸಿತು. ಗಿರಾಕಿಗಳ ಬಾಯಲ್ಲಿ ಅವನು ಮೀನಣ್ಣ.

"ಒಂದಾದ್ರೂ ಬದುಕಿದೆಯಲ್ಲ! ಬೆಳಿಗ್ಗೆ ಕೊಳ್ಳೋ ಪಾರ್ಟಿ ಬರೋವರೆಗೆ ಉಳಿದ್ರೆ ನನ್ನ ಪುಣ್ಯ. ನೀವ್ಯಾರು ಮೇಡಂ?"

"ಕಳೆದದ್ದನ್ನ ಹುಡುಕಿಕೊಡೋಳು."

"ಪೊಲೀಸಾ?"

"ಪೊಲೀಸಾಗಿದ್ರೆ ಬಾಗಿಲು ತಟ್ಟಿ ಬರ್ತಿದ್ದೆ."

ಅವನು ನಕ್ಕ. ಚಾಕು ಅಲುಗಲಿಲ್ಲ.



ಡಬ್ಬದೊಳಗೆ ಕೂಗಿದ್ದು ಹೆಬ್ಬೆರಳು ಗಾತ್ರದ ಮರಗಪ್ಪೆ. ಇಡೀ ಭೂಮಿಯ ಮೇಲೆ ಅದಕ್ಕಿರುವ ಮನೆ ಒಂದೇ ಬೆಟ್ಟದ ಒಂದೇ ತೊರೆ. ಕಂಡುಹಿಡಿದವಳು ಕಪ್ಪೆ ಸಂಶೋಧಕಿ ನನ್ನಕ್ಕ. ಆ ತೊರೆ ಮೌನವಾದ ದಿನ ಫೋನಿನಲ್ಲಿ ಬಿಕ್ಕಿದ್ದಳು: "ಯಾರೋ ಹಿಡ್ಕೊಂಡು ಹೋದ್ರು ಕಣೇ! ಏನಾದ್ರೂ ಮಾಡು!"

"ಜಾಗ ಹೇಗೆ ಗೊತ್ತಾಯ್ತು?" ಮೀನಣ್ಣನನ್ನು ಕೇಳಿದೆ.

"ಕಂಡುಹಿಡಿದ ಮೇಡಮ್ಮೇ ನಕ್ಷೆ ಸಮೇತ ಪ್ರಕಟಿಸಿದ್ರಲ್ಲ! ಕತ್ತಲಲ್ಲಿ ಕಿವಿಗೊಟ್ವಿ. ಕೂಗಿದ್ದನ್ನೆಲ್ಲಾ ಹಿಡಿದ್ವಿ. ಒಂದನ್ನೂ ಬಿಡಲಿಲ್ಲ!"

ಅಕ್ಕ ಕಳ್ಳನ ಕೈಗೇ ಬೀಗದಕೈ ಕೊಟ್ಟಿದ್ದಳು...

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕೂಗುವುದು ಗಂಡು ಮಾತ್ರ! ಬೆಟ್ಟದಲ್ಲಿ ಉಳಿದದ್ದು ಬರೀ ಹೆಣ್ಣು. ಗಂಡುಗಳೆಲ್ಲಾ ಈ ಡಬ್ಬದಲ್ಲಿ. ಜೀವ ಇರುವುದು ಒಂದಕ್ಕೆ.

ಟಕ್...

ಮೀನಣ್ಣನ ಕಣ್ಣು ಡಬ್ಬದತ್ತ ಹೊರಳಿತು. ನನಗಷ್ಟೇ ಸಾಕಾಯಿತು. ಪಕ್ಕದ ತೊಟ್ಟಿಯನ್ನು ಎಳೆದು ಕೆಡವಿದೆ. ಗಾಜು, ನೀರು, ಮೀನು... ಅವನು ಜಾರಿ ಅಂಗಾತ ಬಿದ್ದ.

ಡಬ್ಬ ಎತ್ತಿಕೊಂಡು ಓಡಿದೆ. ಸ್ಕೂಟರ್ ಹತ್ತಿದೆ. ಹಿಂದೆಯೇ ಅವನ ವ್ಯಾನು! ಗಲ್ಲಿಯಿಂದ ಗಲ್ಲಿಗೆ ನುಗ್ಗಿದೆ. ಕೊನೆಯ ಇಕ್ಕಟ್ಟು ಗಲ್ಲಿಯಲ್ಲಿ ನಾನು ತೂರಿದೆ. ವ್ಯಾನು ತೂರಲಿಲ್ಲ.

ನಸುಕಿಗೆ ತೊರೆ ಮುಟ್ಟಿದೆ. ಡಬ್ಬ ತೆರೆದರೆ ಒದ್ದೆ ಹತ್ತಿಯ ಮೇಲೆ ಸಾಲು ಹೆಣಗಳು. ಒಂದರ ಗಂಟಲು ಮಾತ್ರ ಮಿಡಿಯುತ್ತಿತ್ತು. ಎಲೆಯ ಮೇಲೆ ಕೂರಿಸಿದೆ. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ...

ಟಕ್.

ಹೆಣ್ಣು ಉತ್ತರ ಕೊಡುವುದಿಲ್ಲ. ಬಂದರೆ ಬರುತ್ತದೆ, ಅಷ್ಟೇ. ಯಾವುದೂ ಬರಲಿಲ್ಲ.

ಫೋನ್ ನಡುಗಿತು. ಅಕ್ಕ!

"ಸಿಕ್ತೇನೇ? ಒಂದಾದ್ರೂ? ಇದ್ರೆ ಇವತ್ತೇ ಟೀಮ್ ಕರ್ಕೊಂಡು ಬರ್ತೀನಿ. ಎಲ್ಲಾ ಕಡೆ ಬರೀತೀನಿ!"

ಎಲೆಯತ್ತ ನೋಡಿದೆ.

"ಎಲ್ಲಾ ಸತ್ತಿವೆ ಅಕ್ಕಾ."

ಅತ್ತಳು. ನಾನು ಫೋನ್ ಇಟ್ಟೆ.

ಇನ್ನು ಯಾರು ಕೇಳಿದರೂ ಇದೇ ಉತ್ತರ. ಅದು ಬೆಳಗಿನವರೆಗೆ ಉಳಿಯುತ್ತದೆಂಬ ನಂಬಿಕೆ ಮೀನಣ್ಣನಿಗೂ ಇರಲಿಲ್ಲ. ಸತ್ತದ್ದನ್ನು ಕದಿಯಲು ಯಾರೂ ಬೆಟ್ಟ ಹತ್ತುವುದಿಲ್ಲ!